ವರ್ಷದ ಸೋರಿಕೆಗೆ ದಿನದ ಮದ್ದು

ಒಳಗೆ ಹೋಗುವುದು ಸುಮಾರು 10 ವ್ಯಾಟ್ ವಿದ್ಯುತ್ತು. ಲೇಸರ್ ಕಿರಣವಾಗಿ ಹೊರಬರುವುದು 1 ಮಿಲಿವ್ಯಾಟ್. 10,000 ಪಾಲು ಕೊಟ್ಟರೆ 9,999 ಪಾಲು ಶಾಖವಾಗಿಯೂ ಕೊಳವೆಯ ಮಿನುಗಾಗಿಯೂ ವ್ಯರ್ಥ. ಸಣ್ಣ ಹೀಲಿಯಂ-ನಿಯಾನ್ ಲೇಸರಿನ ಲೆಕ್ಕ ಇದು. ಆದರೂ ಉಳಿದ ಆ ಒಂದು ಪಾಲನ್ನು ಅಲ್ಪವೆನ್ನುವಂತಿಲ್ಲ: ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು 32ರಿಂದ ಗುಣಿಸಿದರೆ ಎಷ್ಟೋ, ಸೆಕೆಂಡಿಗೆ ಅಷ್ಟು ಫೋಟಾನುಗಳು!

1960ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಅಲಿ ಜವಾನ್, ವಿಲಿಯಂ ಬೆನೆಟ್, ಡೊನಾಲ್ಡ್ ಹೆರಿಯಟ್ ಸೇರಿ ಬೆಳಗಿಸಿದ ಮೊದಲ ಅನಿಲ ಲೇಸರ್ ಇದೇ ಜಾತಿಯದು; ಅದರ ಕಿರಣ ಕಣ್ಣಿಗೆ ಕಾಣದ ಅವಕೆಂಪು. ಇಂದು ನಮಗೆ ಪರಿಚಿತವಾದ ಕೆಂಪು ಕಿರಣ ಬಂದದ್ದು 1962ರಲ್ಲಿ. 1974ರ ಜೂನ್ 26ರಂದು ಒಹಾಯೋದ ಟ್ರಾಯ್ ಊರಿನ ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡ್ ಓದಿದ್ದೂ ಇಂಥ ಕೊಳವೆಯೇ. ಆ ಕಾಲದ ಸ್ಕ್ಯಾನರು, ಪ್ರಿಂಟರುಗಳಿಂದ ಕಳಚಿದ ಕೊಳವೆಗಳು ಹವ್ಯಾಸಿಗಳ ಮೇಜಿಗೆ ಈಗಲೂ ಬರುತ್ತವೆ. ಎಷ್ಟೋ ಕೊಳವೆಗಳು ಮಿನುಗುತ್ತವೆ, ಆದರೆ ಕಿರಣ ಕೊಡುವುದಿಲ್ಲ.

ಮೊದಲ ಅನುಮಾನ ವಿದ್ಯುತ್ ಪೂರೈಕೆಯ ಮೇಲೆ. ಕೊಳವೆ ಹೊತ್ತಿಕೊಳ್ಳಲು 10,000 ವೋಲ್ಟಿನವರೆಗೂ ಬೇಕಾಗಬಹುದು. ಹೊತ್ತಿದ ಮರುಕ್ಷಣ 1,500ರ ಆಸುಪಾಸಿನಲ್ಲಿ, ಬರೀ 5 ಮಿಲಿಆಂಪಿಯರ್ ಹರಿವಿನಲ್ಲಿ ಉರಿಯುತ್ತದೆ. ಕರೆಂಟು ಹೆಚ್ಚಿದಂತೆ ಅನಿಲದ ತಡೆ ಕುಸಿಯುವುದರಿಂದ, 75,000 ಓಮ್‌ನಷ್ಟು ದೊಡ್ಡ ಬಲಾಸ್ಟ್ ರೆಸಿಸ್ಟರನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಕೊಳವೆ ಹೊತ್ತಿ ಆರಿ, ಮತ್ತೆ ಹೊತ್ತಿ ಆರುತ್ತಿದ್ದರೆ ಕರೆಂಟು ಸಾಲುತ್ತಿಲ್ಲ ಅಥವಾ ಬಲಾಸ್ಟ್ ಹೊಂದುತ್ತಿಲ್ಲ ಎಂದು ಮೊದಲು ಶಂಕಿಸಬೇಕು.

ಪೂರೈಕೆ ಸರಿಯಿದ್ದರೆ ಕಳ್ಳ ಹೀಲಿಯಂ. ವಿದ್ಯುತ್ತಿನ ಹೊಡೆತಕ್ಕೆ ಚೈತನ್ಯ ಪಡೆದ ಹೀಲಿಯಂ ಪರಮಾಣು 20.61 ಎಲೆಕ್ಟ್ರಾನ್‌ವೋಲ್ಟ್ ಹೊತ್ತಿರುತ್ತದೆ. ನಿಯಾನಿನ ಒಂದು ಶಕ್ತಿಮಟ್ಟ 20.66ರಲ್ಲಿದೆ. ಇಷ್ಟು ಹತ್ತಿರ ಇರುವುದರಿಂದಲೇ ಡಿಕ್ಕಿಯಲ್ಲಿ ಶಕ್ತಿ ಕೈಬದಲಾಗುತ್ತದೆ. ಹೀಲಿಯಂ ಕಡಿಮೆಯಾದರೆ ಕಿರಣ ಸೊರಗುತ್ತದೆ. ಆದರೆ ಒಳಗಿರುವುದೇ ಎಷ್ಟು? ಒತ್ತಡ ಸುಮಾರು 2 ಟಾರ್, ಹೊರಗಿನ ಗಾಳಿಯ 380ರಲ್ಲಿ ಒಂದು ಭಾಗ. 50 ಘನ ಸೆಂಟಿಮೀಟರ್ ಕೊಳವೆಯಲ್ಲಿ ಹೀಲಿಯಂನ ತೂಕ ಸುಮಾರು 20 ಮೈಕ್ರೋಗ್ರಾಂ. ಒಂದೇ ಗ್ರಾಂ ಹೀಲಿಯಂ 50,000 ಕೊಳವೆಗಳಿಗೆ ಸಾಕು!

ಈ ಸಣ್ಣ ಪರಮಾಣು ಗಾಜಿನ ಮೂಲಕವೂ ಅಂಟಿನ ಬೆಸುಗೆಯ ಮೂಲಕವೂ ನುಸುಳಿ ಹೋಗುತ್ತದೆ. ವಾತಾವರಣದಲ್ಲಿ ಹೀಲಿಯಂ ಇರುವುದು 10 ಲಕ್ಷದಲ್ಲಿ ಸುಮಾರು 5 ಪಾಲು ಮಾತ್ರ. ಹಾಗಾಗಿ ಸೋರಿದ್ದು ತಾನಾಗಿ ಮರಳುವುದಿಲ್ಲ. ದುರಸ್ತಿಯ ಉಪಾಯ ಇಲ್ಲಿದೆ: ಕೊಳವೆಯನ್ನು ಶುದ್ಧ ಹೀಲಿಯಂ ತುಂಬಿದ ಡಬ್ಬಿಯಲ್ಲಿ ಇಡುವುದು. ಹೊರಹೋಗುವಾಗ ತಳ್ಳುತ್ತಿದ್ದ ಒತ್ತಡ 2 ಟಾರ್. ಈಗ ಒಳನೂಕುವುದು 760. ವೇಗ 380 ಪಟ್ಟು! ಒಂದು ವರ್ಷದಲ್ಲಿ ಸೋರಿದ್ದು ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮರಳುತ್ತದೆ. 20 ವರ್ಷದ ಮುಪ್ಪಿಗೆ ಮೂರು ವಾರದ ಮದ್ದು.

ಇದೇ ಲೆಕ್ಕ ತಿರುಗಿಬೀಳುವುದೂ ಉಂಟು. ಹೀಲಿಯಂ ಮಿತಿಮೀರಿದರೂ ಕಿರಣ ಕೆಡುತ್ತದೆ. ಒಂದು ದಿನ ಹೆಚ್ಚಿಟ್ಟರೆ ಆ ಹೆಚ್ಚುವರಿ ಸೋರಿಹೋಗಲು ವರ್ಷ ಕಾಯಬೇಕು. ಆದ್ದರಿಂದ ಆಗಾಗ ಕೊಳವೆಯನ್ನು ಹೊರತೆಗೆದು ಬೆಳಗಿಸಿ, ಕಿರಣದ ಬಲ ಅಳೆದು ನೋಡಬೇಕು.

ಹಳೆಯ ಕೊಳವೆ ಸಿಕ್ಕಿದರೆ ಮೊದಲು ಅದರೊಳಗಿನ ಗೆಟರ್ ಚುಕ್ಕೆ (ಕಲ್ಮಶ ಅನಿಲ ಹೀರಲು ಗಾಜಿಗೆ ಲೇಪಿಸಿದ ಲೋಹ) ನೋಡಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಹೀಲಿಯಂನಿಂದ ಪ್ರಯೋಜನವಿಲ್ಲ. ಲೋಹದ ಹೊಳಪು ಉಳಿದಿದ್ದರೆ ಎಸೆಯಬೇಡಿ. ಸ್ವಿಚ್ ಆರಿಸಿದ ಮೇಲೂ ಪೂರೈಕೆಯ ಕೆಪಾಸಿಟರುಗಳಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅವನ್ನು ಡಿಸ್‌ಚಾರ್ಜ್ ಮಾಡದೆ ಕೈ ಹಾಕಬೇಡಿ.