ಬೆಳೆಯ ಕರಾರಿಗೆ ವಿದ್ಯುನ್ಮಾನ ಸಹಿ

ಕಂಪೆನಿಯವರು ಗರ್ಕಿನ್ ಎಂದು ಕರೆಯುವ ಮಿಡಿಸೌತೆಯು ನಮ್ಮ ಸೀಮೆಯಲ್ಲಿ ಕಳೆದ ಶತಮಾನದ ಕೊನೆಯ ದಶಕದಿಂದ ಕರಾರಿನ ಮೇಲೆ ಬೆಳೆಯಲ್ಪಡುತ್ತಿರುವುದನ್ನು ವಾಚಕರು ಬಲ್ಲರು. ಉಪ್ಪುನೀರಿನಲ್ಲೋ ವಿನಿಗರಿನಲ್ಲೋ ಹಾಕಿ ಹೊರದೇಶಗಳಿಗೆ ಕಳುಹಿಸತಕ್ಕ ಈ ಸರಕಿಗೆ ಊರ ಸಂತೆಯಲ್ಲಿ ಗಿರಾಕಿಯಿಲ್ಲ. ಬಿತ್ತಿದ ಸುಮಾರು 35 ದಿವಸಗಳಿಗೆ ಕೊಯ್ಲು ಆರಂಭವಾಗಿ, ಮೂರು ತಿಂಗಳೊಳಗೆ ಬೆಳೆಯೇ ಮುಗಿದು ಹೋಗುವುದು. ಹೀಗಿರುವಲ್ಲಿ, ಕರಾರುಪತ್ರವು ಪಟ್ಟಣದ ಕಚೇರಿಗೆ ಹೋಗಿ ಸಹಿಯಾಗಿ ಹಿಂದಿರುಗುವಷ್ಟರಲ್ಲಿ ಬಳ್ಳಿ ಹೂ ಬಿಟ್ಟಿರುತ್ತದೆ. ಅದುವರೆಗೆ ದರಕ್ಕೆ ಆಧಾರವಾದ ಒಂದು ಚೂರು ಕಾಗದವೂ ರೈತನ ಕೈಯಲ್ಲಿರುವುದಿಲ್ಲ. ಬಿತ್ತನೆಗೆ ಮುಂಚೆಯೇ, ಒಂದೇ ದಿವಸದಲ್ಲಿ ಉಭಯರ ಸಹಿಯೂ ಆಗುವಂತೆ ಮಾಡಲು ವಿದ್ಯುನ್ಮಾನ ಸಹಿಯಿಂದ ಸಾಧ್ಯವಿದೆ.

2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 5ನೆಯ ಪ್ರಕರಣವು, ವಿಧಿಸಿದ ಕ್ರಮದಲ್ಲಿ ಮಾಡಿದ ಇಂಥ ಸಹಿಗೆ ಕೈಬರಹದ ಸಹಿಯಷ್ಟೇ ಮಾನ್ಯತೆ ಕೊಟ್ಟಿದೆ. ಆಧಾರ್ ಮೂಲಕ ಸಹಿ ಮಾಡುವ ಏರ್ಪಾಡು 2015ರಲ್ಲಿ ಬಂದಿತು. ಕರಾರನ್ನು ಮೊಬೈಲಿನಲ್ಲಿ ತೆರೆದು, ಒಪ್ಪಿಗೆ ಸೂಚಿಸಿ, ಆಧಾರ್ ಸಂಖ್ಯೆಯನ್ನು ಕೊಟ್ಟೊಡನೆ ಅದಕ್ಕೆ ಜೋಡಿಸಿದ ಮೊಬೈಲಿಗೆ ಓಟಿಪಿ ಎಂಬ ಗುಪ್ತಸಂಖ್ಯೆ ಬರುತ್ತದೆ. ಅದನ್ನು ನಮೂದಿಸಲಾಗಿ, ಸರ್ಕಾರದ ಪರವಾನಗಿ ಹೊಂದಿದ ಪ್ರಮಾಣೀಕರಣ ಸಂಸ್ಥೆಯು ಆ ಒಂದು ಸಹಿಗೋಸ್ಕರವೇ ಪ್ರಮಾಣಪತ್ರವನ್ನು ರಚಿಸಿ ಬರಹಕ್ಕೆ ಮುದ್ರೆ ಹಾಕುವುದು. ಅನಂತರ ಯಾರಾದರೂ ದರದ 12 ರೂಪಾಯಿಯನ್ನು 10 ಎಂದು ತಿದ್ದಿದರೆ, ಪರೀಕ್ಷೆಯಲ್ಲಿ ಮುದ್ರೆ ಒಡೆದಿರುವುದು ಗೊತ್ತಾಗುವುದು. ಖಾಲಿ ಛಾಪಾಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ಬರೆದುಕೊಳ್ಳುವ ಹಳೆಯ ಕುಯುಕ್ತಿಗೆ ಇಲ್ಲಿ ಎಡೆಯಿಲ್ಲ. ಬರಿಯ ಬೆರಳಿನಿಂದ ಗಾಜಿನ ಮೇಲೆ ಗೀಚುವ ಸಹಿಯಾದರೋ ಬೇರೆ. ಅದನ್ನು ಹಾಕಿದವರು ಯಾರೆಂಬುದನ್ನು ಬೇರೆ ಸಾಕ್ಷ್ಯದಿಂದ ಸಾಧಿಸಬೇಕಾಗುವುದು.

ಆದರೆ ಮುದ್ರೆಯು ತಿದ್ದುವಿಕೆಯನ್ನು ತಡೆಯುವುದೇ ಹೊರತು, ಓದದೆ ಸಹಿ ಹಾಕುವುದನ್ನು ತಡೆಯಲಾರದು. ನನ್ನ ಸರಹದ್ದಿನ ಒಂದು ಗ್ರಾಮದಲ್ಲಿ, ಕೊಳ್ಳುವವರ ಕಡೆಯ ಮನುಷ್ಯನು ಅರಳಿಕಟ್ಟೆಯ ಮೇಲೆ ಕುಳಿತು, ಎಂಟು ಮಂದಿಯ ಮೊಬೈಲುಗಳನ್ನು ಸಾಲಾಗಿ ಇಟ್ಟುಕೊಂಡು, ಬಂದ ಗುಪ್ತಸಂಖ್ಯೆಗಳನ್ನು ತಾನೇ ಒತ್ತಿ ಅರ್ಧ ಗಂಟೆಯೊಳಗೆ ಕೆಲಸ ತೀರಿಸಿದನು. ಎಲ್ಲರೂ ಸಂತೋಷಪಟ್ಟರು. ಕಾಯಿಯ ದರ್ಜೆಯನ್ನು ಊರಿನ ತೂಕದ ಕೇಂದ್ರದಲ್ಲಲ್ಲ, ಕಾರ್ಖಾನೆಯಲ್ಲಿ ನಿಶ್ಚಯಿಸತಕ್ಕದ್ದೆಂಬ ಷರತ್ತು ಇಂಗ್ಲಿಷಿನಲ್ಲಿದ್ದುದು ಹಣ ಬಂದ ದಿವಸ ತಿಳಿಯಿತು. ಸಣ್ಣ ಕಾಯಿಗೆ ದರ ಹೆಚ್ಚು. ದರ್ಜೆ ಇಳಿಯಿತೆಂದರೆ ಆಳಿನ ಕೂಲಿಯೂ ಹುಟ್ಟದು. “ನಾವು ಸಹಿಯನ್ನೇ ಹಾಕಲಿಲ್ಲ, ಸ್ವಾಮಿ” ಎಂದು ಅವರು ನನ್ನ ಬಳಿ ಬಂದರು. ಅವರವರ ಮೊಬೈಲಿಗೇ ಬಂದ ಸಂಖ್ಯೆಯಿಂದ ಆದ ಸಹಿಯನ್ನು ಅಲ್ಲಗಳೆಯುವುದು ಎಷ್ಟು ಕಷ್ಟವೆಂಬುದನ್ನು ನಾನು ಅವರಿಗೆ ಹೇಳಬೇಕಾಯಿತು. ಅವರಿಗೆ ಮೊದಲೇ ತಿಳಿಸಿ ಹೇಳದೆ ಇದ್ದುದು ನನ್ನದೂ ತಪ್ಪೇ.

ಆದುದರಿಂದ ಊರಿನ ಯಜಮಾನರು ಕರಾರಿನ ಕನ್ನಡ ಪ್ರತಿಯನ್ನು ಕೇಳಿ ಪಡೆದು, ಓದುಬಾರದವರಿಗೆ ಇಬ್ಬರೆದುರು ಗಟ್ಟಿಯಾಗಿ ಓದಿಸತಕ್ಕದ್ದು. ದರ್ಜೆಯನ್ನು ನಿಶ್ಚಯಿಸುವವರು ಯಾರು, ಎಲ್ಲಿ, ಹಣ ಎಷ್ಟು ದಿವಸದೊಳಗೆ, ಬೀಜ ಗೊಬ್ಬರದ ಬಾಬ್ತು ಎಷ್ಟು ಮುರಿಯುವುದು, ಇಷ್ಟನ್ನಾದರೂ ನೋಡಲೇಬೇಕು. ಗುಪ್ತಸಂಖ್ಯೆಯನ್ನು ಸಹಿ ಮಾಡುವವನು ತಾನೇ ಒತ್ತಬೇಕು. ಅನೇಕರ ಆಧಾರಿಗೆ ಬೆಂಗಳೂರಿನಲ್ಲಿರುವ ಮಗನ ಮೊಬೈಲು ಜೋಡಣೆಯಾಗಿರುವುದನ್ನು ಕಂಡಿದ್ದೇನೆ; ಬಿತ್ತನೆಗೆ ಮುಂಚೆಯೇ ಆಧಾರ್ ಕೇಂದ್ರದಲ್ಲಿ ಅದನ್ನು ಸರಿಪಡಿಸಿಕೊಳ್ಳುವುದು ಲೇಸು.

ಮರಣಶಾಸನಕ್ಕೂ ಟ್ರಸ್ಟ್ ಪತ್ರಕ್ಕೂ ಈ ಸಹಿ ಸಲ್ಲದು. ಜಮೀನಿನ ಕ್ರಯಪತ್ರವು ಎಂದಿನಂತೆ ಉಪನೋಂದಣಾಧಿಕಾರಿಗಳಲ್ಲಿ ನೋಂದಣಿಯಾಗಲೇಬೇಕು. ಸಹಿ ವಿದ್ಯುನ್ಮಾನವಾದ ಮಾತ್ರಕ್ಕೆ ಮುದ್ರಾಂಕ ಶುಲ್ಕವೂ ತಪ್ಪುವುದಿಲ್ಲ. ಸಹಿಯಾದ ಕರಾರನ್ನು ಅಚ್ಚು ಹಾಕಿಸಿ ಪೆಟ್ಟಿಗೆಯಲ್ಲಿಟ್ಟರೆ ಸಾಲದು. ಮುದ್ರೆ ಇರುವುದು ಮೂಲ ಕಡತದಲ್ಲಿ, ಕಾಗದದಲ್ಲಲ್ಲ. ಆ ಕಡತವನ್ನು ಸಹಿಯಾದ ದಿವಸವೇ ತರಿಸಿಕೊಂಡು, ಮೊಬೈಲಿನಲ್ಲಿ ಒಂದು, ಮನೆಯ ಓದುಬಲ್ಲ ಮಕ್ಕಳಲ್ಲಿ ಇನ್ನೊಂದು, ಹೀಗೆ ಎರಡು ಕಡೆ ಇರಿಸತಕ್ಕದ್ದು.