‘ಡೂ ಯೂ’ ಎಲ್ಲಿ, ‘ಆರ್ ಯೂ’ ಎಲ್ಲಿ?

ನಾಳೆ ಕೆಲಸದ ಸಂದರ್ಶನಕ್ಕೆ ಹೋದಾಗ ‘ವಾಟ್ ಡಸ್ ಯುವರ್ ಫಾದರ್ ಡೂ?’ ಎಂದು ಕೇಳಬಹುದು. ತಂದೆಯ ಉದ್ಯೋಗ ಏನು ಎಂದು ಇದರ ಅರ್ಥ. ‘ಹಿ ಡ್ರೈವ್ಸ್ ಆನ್ ಆಟೋ’ ಎನ್ನಬೇಕು. ಇದು ಸಿಂಪಲ್ ಪ್ರೆಸೆಂಟ್. ‘ವಾಟ್ ಈಸ್ ಯುವರ್ ಫಾದರ್ ಡೂಯಿಂಗ್?’ ಎಂದರೆ ಸಾಮಾನ್ಯವಾಗಿ ಈ ಹೊತ್ತಿನ ಮಾತು. ‘ಹಿ ಈಸ್ ಡ್ರಿಂಕಿಂಗ್ ಟೀ’ ಎಂದರೂ ನಡೆಯುತ್ತದೆ. ಇದು ಪ್ರೆಸೆಂಟ್ ಕಂಟಿನ್ಯೂಯಸ್.

ಈ ವ್ಯತ್ಯಾಸ ನಮ್ಮ ಮನೆಮಾತಿನಲ್ಲೇ ಇದೆ. ‘ಏನು ಮಾಡುತ್ತಾರೆ’, ‘ಕ್ಯಾ ಕರ್ತೇ ಹೈಂ’ ಎನ್ನುವುದು ರೂಢಿಗೆ. ‘ಏನು ಮಾಡುತ್ತಿದ್ದಾರೆ’, ‘ಕ್ಯಾ ಕರ್ ರಹೇ ಹೈಂ’ ಎನ್ನುವುದು ಈಗ ನಡೆಯುವುದಕ್ಕೆ. ಪ್ರಶ್ನೆಯನ್ನು ಮೊದಲು ಮನೆಮಾತಿನಲ್ಲಿ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಆದರೆ ಮನೆಮಾತು ಎರಡು ಕಡೆ ಕೈಕೊಡುತ್ತದೆ.

ಒಂದು: ‘ಅರ್ಥ ಆಗ್ತಿದೆಯಾ?’, ‘ಸಮಝ್ ರಹೇ ಹೋ?’ ಎನ್ನುವ ರೂಢಿಯಿಂದ ‘ಆರ್ ಯೂ ಅಂಡರ್‌ಸ್ಟ್ಯಾಂಡಿಂಗ್?’ ಎಂದುಬಿಡುತ್ತೇವೆ. ‘ಡೂ ಯೂ ಅಂಡರ್‌ಸ್ಟ್ಯಾಂಡ್?’ ಎನ್ನುವುದೇ ಸರಿ. ನೋ, ವಾಂಟ್, ಲೈಕ್ ಕೂಡ ಹೀಗೆಯೇ. ‘ಡೂ ಯೂ ನೋ ಟ್ಯಾಲಿ?’ ಎನ್ನಬೇಕು, ‘ಆರ್ ಯೂ ನೋಯಿಂಗ್’ ಅಲ್ಲ.

ಎರಡು: ‘ನಾಳೆ ಕೂಡ್ಲಿಗಿಗೆ ಹೋಗ್ತೀಯಾ?’ ಎಂದು ಒಬ್ಬರ ಯೋಜನೆ ಕೇಳುವಾಗ ‘ಆರ್ ಯೂ ಗೋಯಿಂಗ್ ಟು ಕೂಡ್ಲಿಗಿ ಟುಮಾರೋ?’ ಎನ್ನಬೇಕು. ಬಸ್ಸಿಗೆ ಮಾತ್ರ ವೇಳಾಪಟ್ಟಿ ಇದೆ. ಆದ್ದರಿಂದ ‘ವೆನ್ ಡಸ್ ದಿ ಬಸ್ ಲೀವ್?’ ಎಂದೇ ಕೇಳಬೇಕು. ‘ಡಸ್’ ಬಂದ ಮೇಲೆ ‘ಲೀವ್ಸ್’ ಬೇಡ.

ಇವತ್ತೇ ಪಕ್ಕದ ಬೆಂಚಿನವರಿಗೆ ಒಂದು ‘ಡೂ ಯೂ’, ಒಂದು ‘ಆರ್ ಯೂ’ ಪ್ರಶ್ನೆ ಕೇಳಿ ನೋಡಿ.