ಚೆಂಡಾಟವೂ ಯಂತ್ರಶಾಸ್ತ್ರವೂ

ಕೊಡಗಿನಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮುಗಿಲಿಗೆ ಬಿಡುವಿಲ್ಲ. ಗದ್ದೆಗಳಲ್ಲಿ ನಾಟಿಯ ಗಡಿಬಿಡಿ, ಕಾಫಿ ತೋಟಗಳಲ್ಲಿ ಎಡೆಬಿಡದೆ ತೊಟ್ಟಿಕ್ಕುವ ಮರಗಳು, ಆಟದ ಬಯಲುಗಳಲ್ಲಿ ನಿಂತ ನೀರು. ಇಂಥದೊಂದು ಸಂಜೆ ಮಳೆ ಅರ್ಧ ಗಂಟೆ ಹೊಳವಾದಾಗ, ಅಲ್ಲಿಯ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿ ಬಾಸ್ಕೆಟ್‌ಬಾಲ್ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಒದ್ದೆ ಅಂಕಣದ ಅಂಚಿನಲ್ಲಿ ನಿಂತಿದ್ದಾನೆ ಎಂದು ಭಾವಿಸೋಣ. ಮುಂದಿನ ವಾರ ಅಂತರ ಕಾಲೇಜು ಪಂದ್ಯ. ಅದರ ಮರುವಾರವೇ ಪರೀಕ್ಷೆ. "ಆಟ ಸಾಕು, ಓದಿಕೋ" ಎಂದು ಮನೆಯವರು ಹೇಳುತ್ತಾರೆ. "ಈಗ ಬಿಟ್ಟರೆ ಕೈಯ ಪಳಗು ಹೋಗುತ್ತದೆ" ಎಂದು ತರಬೇತಿ ನೀಡುವವರು ಎಚ್ಚರಿಸುತ್ತಾರೆ. ಇಬ್ಬರನ್ನೂ ಮೆಚ್ಚಿಸಲು ಹುಡುಗ ಮೂರನೆಯ ದಾರಿಯೊಂದನ್ನು ಹಿಡಿದಿದ್ದಾನೆ: ಎಂಟು ಗಂಟೆಯ ನಿದ್ದೆಯಲ್ಲಿ ಮೂರು ಗಂಟೆಯನ್ನು ಕತ್ತರಿಸಿಬಿಟ್ಟಿದ್ದಾನೆ.

ಈ ಹುಡುಗ ಕಲ್ಪಿತ. ಅವನ ಇಕ್ಕಟ್ಟು ಕಲ್ಪಿತವಲ್ಲ. ಹಾಕಿ ಆಟಗಾರರನ್ನೂ ಓಟಗಾರರನ್ನೂ ಹೆತ್ತ ನಾಡು ಕೊಡಗು. ೧೯೯೭ರಿಂದ ಅಲ್ಲಿ ಮನೆತನ ಮನೆತನಗಳೇ ತಂಡ ಕಟ್ಟಿಕೊಂಡು ಹಾಕಿ ಪಂದ್ಯಗಳನ್ನು ಆಡುತ್ತ ಬಂದಿವೆ. ಅದೇ ನಾಡಿನಲ್ಲಿ ೨೦೦೩ರಲ್ಲಿ ಪೊನ್ನಂಪೇಟೆಯಲ್ಲಿಯೂ ೨೦೦೭ರಲ್ಲಿ ಕುಶಾಲನಗರದಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳು ಆರಂಭವಾದವು. ಆಟ ಮತ್ತು ಯಂತ್ರಶಾಸ್ತ್ರ ಒಂದೇ ಮನೆಯಂಗಳದಲ್ಲಿ ಎದುರುಬದುರಾಗುವುದು ಈಗ ಅಪರೂಪವಲ್ಲ. ಹಾಗಾದರೆ ಇವೆರಡೂ ಒಬ್ಬನಲ್ಲಿ ಕೂಡಿ ಬಾಳಬಲ್ಲವೆ? ಬಾಳಬಲ್ಲವಾದರೆ ಯಾವ ಕರಾರಿನ ಮೇಲೆ? ವಿಜ್ಞಾನ ಇದಕ್ಕೆ ಏನು ಹೇಳುತ್ತದೆಂಬುದನ್ನು ನೋಡೋಣ.

ತರಗತಿಯಲ್ಲಿ ಹುಟ್ಟಿದ ಆಟ

ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ವಿದ್ಯಾರ್ಥಿಗಳಿಗಾಗಿ. ೧೮೯೧ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನಿಗೆ ಒಂದು ಸಮಸ್ಯೆ ಎದುರಾಯಿತು. ಹೊರಗೆ ಕೊರೆಯುವ ಚಳಿಗಾಲ; ಒಳಗೆ ಬೇಸತ್ತು ಚಡಪಡಿಸುವ ತರುಣರು. ಆತ ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಕಟೆಗೆ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿದ. ಆ ಕಟಕಟೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಆದುದರಿಂದಲೇ ಬುಟ್ಟಿಯ ಎತ್ತರ ಇಂದಿಗೂ ಹತ್ತು ಅಡಿ, ಎಂದರೆ ೩.೦೫ ಮೀಟರ್. ಅಲ್ಲಿ ಹಿಮ ಮಾಡಿದ ಕೆಲಸವನ್ನು ಕೊಡಗಿನಲ್ಲಿ ಮಳೆ ಮಾಡುತ್ತದೆ. ಮಾಡಿನ ಕೆಳಗೆ ಆಡಬಹುದಾದ ಆಟ ಎರಡೂ ಕಡೆಗೆ ಒಪ್ಪುವಂಥದು. ಇನ್ನೊಂದು ಸಂಗತಿಯೂ ಉಂಟು. ನೈಸ್ಮಿತ್ ಮುಂದೆ ಡೆನ್ವರ್ ನಗರದಲ್ಲಿ ವ್ಯಾಯಾಮ ಕಲಿಸುತ್ತಲೇ ವೈದ್ಯಶಾಸ್ತ್ರವನ್ನು ಓದಿ ೧೮೯೮ರಲ್ಲಿ ಪದವಿ ಪಡೆದ. ಆಟದ ಜನಕನೇ ಅಂಕಣವನ್ನೂ ಗ್ರಂಥವನ್ನೂ ಜೊತೆಯಲ್ಲಿ ಸಾಗಿಸಿದವನು.

ಎಸೆತದ ಗಣಿತ

ಅಂಕಣದಲ್ಲಿ ನಡೆಯುವುದೆಲ್ಲ ಯಂತ್ರಶಾಸ್ತ್ರದ ಮೊದಲ ಪಾಠಗಳೇ. ಫ್ರೀ ಥ್ರೋ ಎಂಬ ಎಸೆತವನ್ನು ತೆಗೆದುಕೊಳ್ಳೋಣ. ಎದುರಾಳಿ ಅಡ್ಡಬರುವಂತಿಲ್ಲ, ಆಟಗಾರ, ಚೆಂಡು, ಬುಟ್ಟಿ, ಈ ಮೂರೇ. ಗೆರೆಯಿಂದ ಬುಟ್ಟಿಯ ಬಳೆಯ ಕೇಂದ್ರಕ್ಕೆ ನೆಲದ ಮೇಲೆ ಅಳೆದರೆ ಸುಮಾರು ೪.೨ ಮೀಟರ್ ದೂರ. ಬಳೆಯ ಒಳವ್ಯಾಸ ೪೫ ಸೆಂಟಿಮೀಟರ್. ಚೆಂಡಿನ ವ್ಯಾಸ ಸುಮಾರು ೨೪ ಸೆಂಟಿಮೀಟರ್. ಕೈಬಿಟ್ಟ ಚೆಂಡು ಗುರುತ್ವಾಕರ್ಷಣಕ್ಕೆ ಒಳಪಟ್ಟು ಪರವಲಯವೆಂಬ ಬಾಗಿದ ಹಾದಿಯಲ್ಲಿ ಸಾಗುತ್ತದೆ.

ಬಳೆಯನ್ನು ನೇರ ಮೇಲಿನಿಂದ ನೋಡಿದರೆ ಪೂರ್ಣವೃತ್ತ. ಓರೆಯಾಗಿ ನೋಡಿದರೆ ಅದು ಕಿರಿದಾಗುತ್ತದೆ. ಇಳಿಯುವ ಚೆಂಡಿನ 'ಕಣ್ಣಿಗೆ' ಬಳೆ ಕಾಣುವುದೂ ಹೀಗೆಯೇ. ಚೆಂಡು ೩೦ ಡಿಗ್ರಿ ಕೋನದಲ್ಲಿ ಇಳಿದರೆ ಅದರ ಪಾಲಿಗೆ ಬಾಗಿಲು ಇಪ್ಪತ್ತೆರಡೂವರೆ ಸೆಂಟಿಮೀಟರ್ ಮಾತ್ರ. ಇಪ್ಪತ್ತನಾಲ್ಕರ ಚೆಂಡು ಬಳೆಗೆ ತಾಗದೆ ಅದರೊಳಗೆ ತೂರಲಾರದು. ೪೫ ಡಿಗ್ರಿಯಲ್ಲಿ ಇಳಿದರೆ ಬಾಗಿಲು ೩೨ ಸೆಂಟಿಮೀಟರಿನಷ್ಟು ತೆರೆಯುತ್ತದೆ. ಚಪ್ಪಟೆಯಾಗಿ ಎಸೆದ ಚೆಂಡು ಬಳೆಗೆ ಬಡಿದು ಹಾರುವುದೇಕೆಂಬುದು ಇದರಿಂದ ತಿಳಿಯುವುದು.

ಇನ್ನೂ ಸ್ವಾರಸ್ಯದ ಮಾತೊಂದಿದೆ. ೨.೧ ಮೀಟರ್ ಎತ್ತರದಲ್ಲಿ ಕೈಬಿಡುವ ಆಟಗಾರನಿಗೆ, ಗಾಳಿಯ ತಡೆಯನ್ನು ಗಣಿಸದಿದ್ದರೆ, ಅತ್ಯಂತ ಕಡಿಮೆ ವೇಗದಲ್ಲಿ ಬುಟ್ಟಿಯನ್ನು ಮುಟ್ಟಿಸುವ ಕೋನ ಸುಮಾರು ೫೧ ಡಿಗ್ರಿ. ಆಗ ಬೇಕಾಗುವ ವೇಗ ಸೆಕೆಂಡಿಗೆ ಸುಮಾರು ೭.೨ ಮೀಟರ್. ಈ ಕೋನದ ಆಸುಪಾಸಿನಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೂ ಚೆಂಡು ಬೀಳುವ ತಾಣ ಅಷ್ಟಾಗಿ ಬದಲಾಗುವುದಿಲ್ಲ. ಬೆಟ್ಟದ ನೆತ್ತಿಯ ಮೇಲೆ ನಿಂತವನು ಆಚೆಗೊಂದು ಈಚೆಗೊಂದು ಹೆಜ್ಜೆ ಇಟ್ಟರೆ ಎತ್ತರ ಬದಲಾಗದು. ಇಳಿಜಾರಿನಲ್ಲಿ ನಿಂತವನಿಗಾದರೆ ಒಂದೊಂದು ಹೆಜ್ಜೆಯೂ ಏರು ಇಲ್ಲವೆ ಇಳುಕಲು. ಕಲನಶಾಸ್ತ್ರದ ತರಗತಿಯಲ್ಲಿ ಗರಿಷ್ಠ ಕನಿಷ್ಠಗಳೆಂದು ಕಲಿಯುವುದು ಇದನ್ನೇ.

ಆದರೆ ಸೂತ್ರ ತಿಳಿದ ಮಾತ್ರಕ್ಕೆ ಕೈ ಪಳಗದು. ಸಾವಿರ ಸಲ ಎಸೆದ ಮೇಲೆಯೇ ಸ್ನಾಯುಗಳು ಆ ವೇಗವನ್ನೂ ಕೋನವನ್ನೂ ಕಲಿಯುತ್ತವೆ. ಇಲ್ಲಿಯೇ ತೊಡಕು ಆರಂಭವಾಗುವುದು. ಸಾವಿರ ಸಲದ ಅಭ್ಯಾಸವೆಂದರೆ ದೇಹದ ಮೇಲೆ ಸಾವಿರ ಸಲದ ಹೊರೆ.

ನೆಲ ಮುಟ್ಟುವ ಕ್ಷಣ

ಆ ಹೊರೆ ಎಷ್ಟು? ೭೦ ಕಿಲೋಗ್ರಾಂ ತೂಕದ ತರುಣ ಅರ್ಧ ಮೀಟರ್ ಮೇಲಕ್ಕೆ ನೆಗೆದು ಇಳಿಯುತ್ತಾನೆ. ನೆಲ ಮುಟ್ಟುವಾಗ ಅವನ ವೇಗ ಸೆಕೆಂಡಿಗೆ ಸುಮಾರು ೩.೧ ಮೀಟರ್. ಮಂಡಿಯನ್ನು ಚೆನ್ನಾಗಿ ಬಾಗಿಸಿ ೨೫ ಸೆಂಟಿಮೀಟರ್ ಅಂತರದಲ್ಲಿ ಆ ವೇಗವನ್ನು ಕಳೆದರೆ, ನೆಲ ಅವನನ್ನು ಸರಾಸರಿ ಅವನ ತೂಕದ ಮೂರರಷ್ಟು ಬಲದಿಂದ ಒತ್ತುತ್ತದೆ. ಎಂದರೆ ೨೧೦ ಕಿಲೋಗ್ರಾಂ ಭಾರ. ಕಾಲನ್ನು ಸೆಟೆಸಿ ಐದೇ ಸೆಂಟಿಮೀಟರಿನಲ್ಲಿ ನಿಂತರೋ, ಅದು ಹನ್ನೊಂದರಷ್ಟಾಗಿ ೭೭೦ ಕಿಲೋಗ್ರಾಂಗೆ ಏರುತ್ತದೆ. ಒಂದು ಸಂಜೆಯ ಆಟದಲ್ಲಿ ಇಂಥ ನೆಗೆತಗಳು ಹಲವಾರು. ದಣಿದವನ ಮಂಡಿ ಸರಿಯಾಗಿ ಬಾಗುವುದಿಲ್ಲವೆಂಬುದನ್ನು ನೆನೆದರೆ, ನಿದ್ದೆಗೆಟ್ಟ ಆಟಗಾರ ತನ್ನ ಕಾಲಿನಿಂದ ಎಂಥ ಸಾಲ ಎತ್ತುತ್ತಿದ್ದಾನೆಂಬುದು ಮನದಟ್ಟಾಗುವುದು.

ಉಕ್ಕಿಗೂ ಎಲುಬಿಗೂ ಇರುವ ಭೇದ

ಒಂದೇ ಸಲಕ್ಕೆ ಮುರಿಯಲಾರದ ಹೊರೆ ಮತ್ತೆ ಮತ್ತೆ ಬಿದ್ದರೆ ಮುರಿಯಬಲ್ಲುದು. ಎಂಜಿನಿಯರರು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. ೧೮೪೨ರಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಹಠಾತ್ತಾಗಿ ಮುರಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಗಟ್ಟಿಮುಟ್ಟಾದ ಅಚ್ಚುಗಳು ಹೀಗೇಕೆ ಮುರಿಯುತ್ತವೆ? ಮುಂದಿನ ದಶಕಗಳಲ್ಲಿ ಪ್ರಷ್ಯದ ರೈಲ್ವೆ ಎಂಜಿನಿಯರ್ ಔಗುಸ್ಟ್ ವ್ಯೋಲರ್ ಅಚ್ಚುಗಳನ್ನು ಯಂತ್ರಗಳಿಗೆ ಸಿಕ್ಕಿಸಿ ಲಕ್ಷಾಂತರ ಸಲ ತಿರುಗಿಸಿ ನೋಡಿದ. ಹೊರೆ ಹೆಚ್ಚಿದಷ್ಟೂ ಅಚ್ಚು ಕಡಿಮೆ ಸುತ್ತುಗಳಲ್ಲಿ ಮುರಿಯಿತು. ಒಂದು ಮಿತಿಗಿಂತ ಕೆಳಗಿನ ಹೊರೆಯನ್ನು ಎಷ್ಟೋ ಲಕ್ಷ ಸುತ್ತುಗಳವರೆಗೆ ತಾಳಿತು. ಇದಕ್ಕೆ ಲೋಹದ ದಣಿವು ಎಂದು ಹೆಸರು. ಕಣ್ಣಿಗೆ ಕಾಣದ ಬಿರುಕು ಹೊರೆ ಹೊರೆಗೂ ಕೂದಲೆಳೆಯಷ್ಟು ಬೆಳೆದು ಕೊನೆಗೆ ಅಚ್ಚನ್ನು ಸೀಳುತ್ತದೆ.

ಅದೇ ಕಾಲದಲ್ಲಿ, ಅದೇ ಪ್ರಷ್ಯದಲ್ಲಿ, ೧೮೫೫ರಲ್ಲಿ ಬ್ರೈಟ್‌ಹೌಪ್ಟ್ ಎಂಬ ಸೇನಾ ವೈದ್ಯ ದೀರ್ಘ ಕವಾಯತಿನ ಬಳಿಕ ಸೈನಿಕರ ಪಾದಗಳು ಬಾತು ನೋಯುವುದನ್ನು ವರ್ಣಿಸಿದ. ಎಕ್ಸ್-ಕಿರಣಗಳು ಬಳಕೆಗೆ ಬಂದ ಮೇಲೆ ಕಾರಣ ಬಯಲಾಯಿತು: ಪೆಟ್ಟು ಬೀಳದೆಯೇ, ನಡೆನಡೆದೇ ಪಾದದ ಎಲುಬು ಬಿರುಕು ಬಿಟ್ಟಿತ್ತು. ಮನೆಮನೆಯಿಂದ ಸೈನ್ಯಕ್ಕೆ ಜನರನ್ನು ಕಳುಹಿಸಿದ ಕೊಡಗಿನವರಿಗೆ ಇದು ತೀರ ದೂರದ ಮಾತಲ್ಲ. ಬಾಸ್ಕೆಟ್‌ಬಾಲ್ ಆಟಗಾರರ ಪಾದ ಮತ್ತು ಮುಂಗಾಲುಗಳನ್ನು ಕಾಡುವ ಸಣ್ಣ ಬಿರುಕುಗಳೂ ಇದೇ ಜಾತಿಯವು.

ಇಲ್ಲಿಯವರೆಗೆ ಉಕ್ಕೂ ಎಲುಬೂ ಸಮಾನ. ಭೇದ ಮುಂದಿದೆ. ಬಿರುಕು ಬಿಟ್ಟ ಅಚ್ಚನ್ನು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ಮಲಗಿಸಿದರೂ ಅದು ವಾಸಿಯಾಗದು. ಎಲುಬು ವಾಸಿಯಾಗುತ್ತದೆ. ಅಷ್ಟೇ ಅಲ್ಲ, ಹೊರೆಗೆ ತಕ್ಕಂತೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಜರ್ಮನ್ ವೈದ್ಯ ಯೂಲಿಯಸ್ ವೋಲ್ಫ್ ೧೮೯೨ರಲ್ಲಿ ಈ ನಿಯಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ. ಎಲುಬಿನೊಳಗೆ ಎರಡು ಬಗೆಯ ಜೀವಕೋಶಗಳು ಕೆಲಸ ಮಾಡುತ್ತವೆ. ಒಂದು ಬಗೆಯವು ಸವೆದ ಭಾಗವನ್ನು ಕೆದಕಿ ತೆಗೆಯುತ್ತವೆ. ಇನ್ನೊಂದು ಬಗೆಯವು ಅಲ್ಲಿ ಹೊಸ ಎಲುಬನ್ನು ತುಂಬುತ್ತವೆ. ಕೆದಕುವ ಕೆಲಸಕ್ಕೆ ವಾರಗಳು ಸಾಕು. ತುಂಬುವ ಕೆಲಸಕ್ಕೆ ತಿಂಗಳುಗಳು ಬೇಕು. ಹಳೆಯ ಗೋಡೆ ಕೆಡವಿ ಹೊಸದು ಏಳುವ ಮುನ್ನ ಮನೆ ಬಡವಾಗಿರುವಂತೆ, ಈ ನಡುಗಾಲದಲ್ಲಿ ಎಲುಬು ದುರ್ಬಲ. ಆಗ ವಿಶ್ರಾಂತಿ ಕೊಟ್ಟರೆ ಮೊದಲಿಗಿಂತ ಗಟ್ಟಿ, ಕೊಡದಿದ್ದರೆ ಬಿರುಕು. ಆದುದರಿಂದ ವಿಶ್ರಾಂತಿಯು ಅಭ್ಯಾಸದಿಂದ ಕದ್ದ ಕಾಲವಲ್ಲ, ಅಭ್ಯಾಸದ ಎರಡನೆಯ ಅರ್ಧ.

ನಿದ್ದೆ ಮಾಡುವ ಕೆಲಸ

ಎಲುಬಿಗೆ ಹೇಳಿದ ಮಾತು ಮಿದುಳಿಗೂ ಸಲ್ಲುತ್ತದೆ. ೧೮೮೫ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ ಮರೆವಿನ ಗತಿಯನ್ನು ಅಳೆದ. ಒಂದೇ ಪಟ್ಟಿಗೆ ಕುಳಿತು ಉರುಹೊಡೆಯುವುದಕ್ಕಿಂತ ದಿನಗಳ ಮೇಲೆ ಹಂಚಿ ಕಲಿತರೆ ಕಡಿಮೆ ಶ್ರಮ ಸಾಕೆಂಬುದನ್ನು ಕಂಡುಕೊಂಡ. ೧೯೨೪ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ ಇಬ್ಬರು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಲಿತ ಬಳಿಕ ಎಚ್ಚರವಾಗಿದ್ದಾಗಿಗಿಂತ ನಿದ್ದೆ ಮಾಡಿದಾಗ ನೆನಪು ಹೆಚ್ಚು ಉಳಿಯಿತು. ನಿದ್ದೆಯಲ್ಲಿ ಮಿದುಳು ಸುಮ್ಮನಿರದೆ ಹಗಲಿನ ಕಲಿಕೆಯನ್ನು ನೆಲೆಗೊಳಿಸುತ್ತದೆಂದು ಆಮೇಲಿನ ಸಂಶೋಧನೆಗಳು ತೋರಿಸಿವೆ. ಸಮೀಕರಣವೂ ಅಲ್ಲಿಯೇ ನೆಲೆಗೊಳ್ಳುವುದು. ಕೈಯ ಎಸೆತವೂ ಅಲ್ಲಿಯೇ.

ನಮ್ಮ ವಿಷಯಕ್ಕೆ ನೇರವಾಗಿ ಸೇರುವ ಪ್ರಯೋಗ ೨೦೧೧ರಲ್ಲಿ ಪ್ರಕಟವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹನ್ನೊಂದು ಬಾಸ್ಕೆಟ್‌ಬಾಲ್ ಆಟಗಾರರಿಗೆ ಷೆರಿ ಮಾ ಮತ್ತು ಸಂಗಡಿಗರು ಐದರಿಂದ ಏಳು ವಾರ ಕಾಲ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರುವಂತೆ ಸೂಚಿಸಿದರು. ಅವಧಿ ಮುಗಿದಾಗ ಫ್ರೀ ಥ್ರೋಗಳ ನಿಖರತೆ ಶೇಕಡ ೯ರಷ್ಟು ಏರಿತ್ತು. ಓಟದ ವೇಗ ಹೆಚ್ಚಿತ್ತು. ಹಗಲಿನ ತೂಕಡಿಕೆ ತಗ್ಗಿತ್ತು. ಹನ್ನೊಂದು ಮಂದಿಯ ಪ್ರಯೋಗ ಚಿಕ್ಕದು, ಹೋಲಿಸಿ ನೋಡಲು ಬೇರೊಂದು ತಂಡವೂ ಇರಲಿಲ್ಲ. ಆದುದರಿಂದ ಆ ಅಂಕಿಯನ್ನೇ ಕಡೆಯ ಮಾತೆಂದು ಹಿಡಿಯಬಾರದು. ಆದರೂ ಅದು ಬೊಟ್ಟುಮಾಡುವ ದಿಕ್ಕು ಸ್ಪಷ್ಟ. ನಿದ್ದೆಯಿಂದ ಮೂರು ಗಂಟೆ ಕತ್ತರಿಸಿದ ನಮ್ಮ ಹುಡುಗ ಆಟ ಮತ್ತು ಪಾಠ ಎರಡಕ್ಕೂ ಸಮಯ ಕೂಡಿಸಿದೆನೆಂದು ತಿಳಿದಿದ್ದಾನೆ. ನಿಜವಾಗಿ ಎರಡರ ಬುಡಕ್ಕೂ ಕೊಡಲಿ ಹಾಕಿದ್ದಾನೆ.

ಇಬ್ಬರು ನಡೆದ ದಾರಿ

ಹೊರೆಯನ್ನು ಹಂಚುವ ಬಗೆ ಒಂದೇ ಅಲ್ಲ. ಕೊಡಗಿನಲ್ಲಿ ಎಂಜಿನಿಯರಿಂಗ್ ಕಾಲೇಜು ಇಲ್ಲದ ಕಾಲದಲ್ಲಿ ಅಲ್ಲಿಯ ಹುಡುಗರು ಬೆಟ್ಟವಿಳಿದು ಹೋಗಬಹುದಾಗಿದ್ದ ವಿದ್ಯಾಸ್ಥಾನಗಳಲ್ಲಿ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್ ಒಂದು. ಎರಪಳ್ಳಿ ಪ್ರಸನ್ನ ಓದಿದ್ದು ಅಲ್ಲಿ. ಅವರ ಆಟ ಕ್ರಿಕೆಟ್. ಆದರೆ ಇಕ್ಕಟ್ಟು ಇದೇ. ೧೯೬೨ರ ಜನವರಿಯಲ್ಲಿ ಮದರಾಸಿನಲ್ಲಿ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು, ಆಟವನ್ನು ಬದಿಗಿಟ್ಟು ಎಂಜಿನಿಯರಿಂಗ್ ಪದವಿಯನ್ನು ಪೂರೈಸಿದರು. ಮುಂದಿನ ಟೆಸ್ಟ್ ಆಡಿದ್ದು ೧೯೬೭ರಲ್ಲಿ. ಐದು ವರ್ಷದ ಅಂತರದಲ್ಲಿ ಎಲ್ಲವೂ ಮುಗಿಯಿತೆಂದು ಎಣಿಸಿದವರೂ ಇದ್ದಿರಬಹುದು. ಅವರು ಒಟ್ಟು ೪೯ ಟೆಸ್ಟ್‌ಗಳಲ್ಲಿ ೧೮೯ ವಿಕೆಟ್ ಪಡೆದು ನಿವೃತ್ತರಾದರು. ಬೆಂಗಳೂರಿನ ಆರ್. ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಅನಿಲ್ ಕುಂಬ್ಳೆ, ಪದವಿ ಮುಗಿಯುವ ಮೊದಲೇ ೧೯೯೦ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದರು. ಓದನ್ನು ಕೈಬಿಡದೆ ಪದವಿಯನ್ನೂ ಪಡೆದರು. ಮುಂದೆ ಅವರ ಟೆಸ್ಟ್ ವಿಕೆಟ್‌ಗಳು ೬೧೯ಕ್ಕೆ ಮುಟ್ಟಿದವು. ಒಬ್ಬರು ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮುಗಿಸಿದರು. ಇನ್ನೊಬ್ಬರು ಎರಡನ್ನೂ ಜೊತೆಯಲ್ಲಿ ನಡೆಸಿದರು.

ಎಲ್ಲ ಆಟಗಾರರೂ ಪ್ರಸನ್ನ, ಕುಂಬ್ಳೆ ಆಗಲಾರರು. ಆದರೆ ದಿನದ ಲೆಕ್ಕ ಎಲ್ಲರಿಗೂ ಒಂದೇ. ನಿದ್ದೆಗೆ ಎಂಟು ಗಂಟೆ, ತರಗತಿ ಮತ್ತು ಪ್ರಯೋಗಶಾಲೆಗೆ ಏಳು, ಸ್ವಂತ ಓದಿಗೆ ಮೂರು, ಅಂಕಣಕ್ಕೆ ಎರಡು, ಒಟ್ಟು ಇಪ್ಪತ್ತು. ಉಳಿದ ನಾಲ್ಕು ಗಂಟೆ ಊಟ, ಸ್ನಾನ, ಓಡಾಟ, ಹರಟೆಗಳಿಗೆ. ಸೇತುವೆ ಕಟ್ಟುವವನು ನಿರೀಕ್ಷಿತ ಭಾರಕ್ಕಿಂತ ಹೆಚ್ಚಿನದನ್ನು ತಾಳುವಂತೆ ಕಟ್ಟಿ ಸುರಕ್ಷೆಯ ಅಂಚೊಂದನ್ನು ಬಿಡುತ್ತಾನೆ. ಈ ನಾಲ್ಕು ಗಂಟೆ ಅಂಥ ಅಂಚು. ಪಂದ್ಯದ ವಾರದಲ್ಲಿ, ಪರೀಕ್ಷೆಯ ವಾರದಲ್ಲಿ ಮುಟ್ಟಬೇಕಾದದ್ದು ಇದನ್ನು, ನಿದ್ದೆಯನ್ನಲ್ಲ.

ಕೊಡಗಿನ ಹಿರಿಯರಿಗೆ ಈ ಲೆಕ್ಕ ಹೊಸತಲ್ಲ. ಮಳೆಗಾಲವಿಡೀ ಮೊಣಕಾಲುದ್ದದ ಕೆಸರಿನಲ್ಲಿ ನಾಟಿಯ ದುಡಿಮೆ. ಅದು ಮುಗಿದ ಮೇಲೆ ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬ. ಆ ದಿನ ಆಯುಧಗಳಿಗೆ ಪೂಜೆ, ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಓಟ, ಆಟ. ದುಡಿಮೆಗೊಂದು ಋತು, ಆಟಕ್ಕೊಂದು ಋತು, ನಡುವೆ ಬಿಡುವು. ಮಳೆಯ ಸಂಜೆ ಒದ್ದೆ ಅಂಕಣದ ಅಂಚಿನಲ್ಲಿ ನಿಂತ ಹುಡುಗ ಇಂದು ಚೆಂಡನ್ನು ಕೆಳಗಿಟ್ಟು ಪುಸ್ತಕ ತೆರೆದರೆ ಆಟಕ್ಕೆ ದ್ರೋಹವಾಗದು. ಮಳೆ ನಿಂತ ದಿನ ಪುಸ್ತಕ ಮುಚ್ಚಿ ಅಂಕಣಕ್ಕಿಳಿದರೆ ಓದಿಗೆ ದ್ರೋಹವಾಗದು. ಎರಡು ದಿನವೂ ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿದರೆ ಸರಿ. ಉಳಿದ ಕೆಲಸವನ್ನು ಎಲುಬೂ ಮಿದುಳೂ ಅವನು ನಿದ್ರಿಸುವಾಗ ಮಾಡಿಕೊಳ್ಳುತ್ತವೆ.